ಫರ್ನೇಸ್ ಆನ್ ಆಗುತ್ತೆ, ಆಫ್ ಆಗುತ್ತೆ, ಮನೆ ಮಾತ್ರ ಬೆಚ್ಚಗಾಗ್ತಿಲ್ಲ

ಮಂಡ್ಯ_ಮಿನೆಸೋಟ:
ನಿನ್ನೆ ರಾತ್ರಿಯಿಂದ ತಲೆ ಕೆಟ್ಟುಹೋಗಿದೆ. ಮನೆ ಬಿಸಿ ಮಾಡೋ ಗ್ಯಾಸ್ ಫರ್ನೇಸ್ ಆನ್ ಆಗುತ್ತೆ, ಒಂದು ನಿಮಿಷಕ್ಕೆ ಆಫ್. ಮತ್ತೆ ಆನ್, ಮತ್ತೆ ಆಫ್. ಹೊರಗೆ ಮೈನಸ್ 22, ಒಳಗೆ 58. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಇಬ್ಬರೂ ಕಂಬಳಿ ಹೊದ್ದು ಅಡುಗೆಮನೆ ಒಲೆ ಮುಂದೆ ಕೂತಿದ್ದಾರೆ. ಫಿಲ್ಟರ್ ಹೊಸದು. ರಿಪೇರಿಯವನು ಸೋಮವಾರ ಬರ್ತೀನಿ ಅಂತಾನೆ. ಗೊತ್ತಿರೋರು ಬೇಗ ಹೇಳ್ರಪ್ಪ.

ಧಾರವಾಡ_ಪೇಡೆ:
ಫ್ಲೇಮ್ ಸೆನ್ಸರ್. ಕಣ್ಣು ಮುಚ್ಚಿ ಹೇಳ್ತೇನಿ. ಬೆಂಕಿ ಹತ್ತಿದ್ದು ಆ ಕಡ್ಡಿಗೆ ತಿಳೀಲಿಲ್ಲ ಅಂದ್ರ ನಾಕೈದು ಸೆಕೆಂಡಿನ್ಯಾಗ ಕಂಟ್ರೋಲ್ ಬೋರ್ಡು ಗ್ಯಾಸ್ ಬಂದ್ ಮಾಡ್ತದ. ಒಂದ ಸ್ಕ್ರೂ ಬಿಚ್ಚರಿ, ಸ್ಟೀಲ್ ವುಲ್ ತಗೊಂಡು ಸಾವಕಾಶ ಉಜ್ಜರಿ, ವಾಪಸ್ ಹಾಕರಿ. ಹತ್ತು ನಿಮಿಷದ ಕೆಲಸ.

ಸಾಗರದಾಚೆ:
58 ಫ್ಯಾರನ್‌ಹೀಟಾ? ಹೊರಗಿಂದು ಸೆಲ್ಸಿಯಸ್ಸಾ? ಒಂದೇ ಅಳತೆ ಹಿಡ್ಕೊಳ್ಳಿ ಮಾರಾಯ್ರೆ. ಎಷ್ಟು ವರ್ಷದ್ದು, ಬೋರ್ಡಿನ ದೀಪ ಎಷ್ಟು ಸಲ ಮಿಣುಕ್ತದೆ, ಇದ್ಯಾವುದೂ ಹೇಳ್ಲೇ ಇಲ್ಲ.

ಮಂಡ್ಯ_ಮಿನೆಸೋಟ:
ಎರಡೂ ಫ್ಯಾರನ್‌ಹೀಟೇ. ಹತ್ತು ವರ್ಷದಿಂದ ಇಲ್ಲಿದ್ದೀನಿ, ಇನ್ಯಾವುದ್ರಲ್ಲಿ ಹೇಳ್ಲಿ? ಬಿಳಿ ಪಿವಿಸಿ ಪೈಪಿನ ಫರ್ನೇಸು, ಸ್ಟಿಕ್ಕರ್ ಮೇಲೆ 96 ಪರ್ಸೆಂಟ್ ಎಫಿಶಿಯನ್ಸಿ ಅಂತಿದೆ. ಸೆನ್ಸರ್ ಉಜ್ಜಿದೆ. ಅದೇ ಕಥೆ.

ಧಾರವಾಡ_ಪೇಡೆ:
ಸರಿ ಉಜ್ಜಿಲ್ಲ ನೀವು. ಮೀಟರ್ ಇದ್ರ ಮೈಕ್ರೊಆಂಪ್ ನೋಡ್ರಿ, ಒಂದಕ್ಕಿಂತ ಕಡಿಮಿ ಇದ್ರ ಹೊಸಾದು ಹಾಕರಿ.

ಹೀಟ್‌ಪಂಪ್_ಹನುಮ:
ಫಿಲ್ಟರ್ ಹೊಸದು ಅಂದ್ರೆ ಮರ್ವ್ 13, ಅಂದ್ರೆ ಸಣ್ಣ ಧೂಳನ್ನೂ ಹಿಡಿಯೋ ದಟ್ಟ ಫಿಲ್ಟರ್ ಹಾಕಿದ್ದೀರೇನೋ. ಒಂದಿಂಚಿನದಾದ್ರೆ ಗಾಳಿನೇ ಬಿಡಲ್ಲ. ಈ ತಾಪತ್ರಯ ಬೇಡ ಅಂತಲೇ ನಾನು ಕಳೆದ ವರ್ಷ ಕರೆಂಟಲ್ಲಿ ಓಡೋ ಹೀಟ್ ಪಂಪ್ ಹಾಕಿಸಿದ್ದು. ಮೇಲೆ ಸೋಲಾರ್, ಗ್ಯಾರೇಜಲ್ಲಿ ಬ್ಯಾಟರಿ, ರೂಮು ರೂಮಿಗೂ ಫೋನಲ್ಲೇ ಕಂಟ್ರೋಲ್. ಗ್ಯಾಸ್ ಬಿಲ್ಲು ನೋಡಿ ಎಷ್ಟು ದಿನ ಆಯ್ತೋ.

ಸಾಗರದಾಚೆ:
ತಾವಿರೋದು ನಾರ್ತ್ ಕೆರೊಲಿನಾದಲ್ಲಿ ಅಲ್ವಾ? ಅಲ್ಲಿ ಒಂದು ಸ್ವೆಟರ್ ಸಾಕು ಬಿಡಿ. ಫಿಲ್ಟರ್ ಕಟ್ಟಿದ್ರೆ ಮೊದಲು ಬಿಸಿ ಜಾಸ್ತಿ ಆಗಿ ಆಮೇಲೆ ಬಿಸಿ ಮಿತಿ ಮೀರಿದ್ರೆ ಬಂದ್ ಮಾಡೋ ಲಿಮಿಟ್ ಸ್ವಿಚ್ ಹಾರ್ತದೆ. ಇವರಿಗೆ ಬಿಸಿನೇ ಬರ್ತಿಲ್ಲ.

ಹೀಟ್‌ಪಂಪ್_ಹನುಮ:
ಹಾಗಾದ್ರೆ ಪ್ರೆಶರ್ ಸ್ವಿಚ್. ಅದರ ಎರಡು ವೈರ್ ಒಟ್ಟಿಗೆ ಸೇರಿಸಿಬಿಡಿ, ಓಡುತ್ತೆ.

ಸಾಗರದಾಚೆ:
ಖಂಡಿತ ಬೇಡ! ಹೊಗೆ ಹೊರಗೆ ಹೋಗೋ ಹಾಗೆ ಗಾಳಿಯ ಎಳೆತ ಇದೆಯಾ ಅಂತ ಕಾಯೋದೇ ಆ ಸ್ವಿಚ್ಚು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದೋರು ಏಳೋದಿಲ್ಲ. ಅಂದ ಹಾಗೆ, ಅಪ್ಪ ಅಮ್ಮ ಕೂತಿರೋದು ಗ್ಯಾಸ್ ಒಲೆ ಮುಂದೆ ಆದ್ರೆ ಅದನ್ನೂ ಆರಿಸಿ, ಒಂದು ಕರೆಂಟ್ ಹೀಟರ್ ತಂದಿಡಿ.

ಈಗ ಹೋಗಿ ಫರ್ನೇಸಿನ ಗಾಜಿನ ಕಿಂಡಿಲಿ ನೋಡಿ. ಮೊದಲು ಸಣ್ಣ ಫ್ಯಾನ್ ತಿರುಗ್ತದೆ, ಆಮೇಲೆ ಬೆಂಕಿ ಹೊತ್ತಿಸೋ ಇಗ್ನೈಟರ್ ಕೆಂಪಗೆ ಕಾಯ್ತದೆ, ಆಮೇಲೆ ಬೆಂಕಿ. ಎಲ್ಲಿಗೆ ನಿಲ್ತದೆ?

ಮಂಡ್ಯ_ಮಿನೆಸೋಟ:
ಬೆಂಕಿನಾ? ಬೆಂಕಿ ಹತ್ತೋದೇ ಇಲ್ಲ. ಇಗ್ನೈಟರೂ ಕೆಂಪಾಗಲ್ಲ. ಸಣ್ಣ ಫ್ಯಾನ್ ಗುಂಯ್ ಅಂದು ನಿಲ್ಲುತ್ತೆ, ಆನ್ ಆಗುತ್ತೆ ಅಂದಿದ್ದು ಆ ಸದ್ದಿಗೆ. ದೀಪ 3 ಸಲ ಮಿಣುಕುತ್ತೆ, ಬಾಗಿಲೊಳಗಿನ ಚಾರ್ಟಲ್ಲಿ ಅದಕ್ಕೆ ಪ್ರೆಶರ್ ಸ್ವಿಚ್ ಓಪನ್ ಅಂತಿದೆ. ಒಳಗೆ ಗೊಳಗೊಳ ಅಂತ ನೀರಿನ ಸದ್ದು ಬೇರೆ.

ಧಾರವಾಡ_ಪೇಡೆ:
ಬೆಂಕಿನ ಹತ್ತಂಗಿಲ್ಲ ಅಂತ ಮೊದಲ ಹೇಳಬಾರದೇನ್ರಿ!

ಸಾಗರದಾಚೆ:
ಗೊಳಗೊಳ ಅಂದ್ರೆ ನೀರು ನಿಂತಿದೆ, ಇಂಥ ಫರ್ನೇಸಲ್ಲಿ ಹೊಗೆಯ ಆವಿ ತಣ್ಣಗಾಗಿ ನೀರಾಗ್ತದೆ. ಹೊರಗಿನ ಪೈಪಿನ ಬಾಯಿಗೆ ಹಿಮ ಕಟ್ಟಿದೆಯಾ? ನೀರು ಹೋಗೋ ಸಣ್ಣ ಪೈಪು ಎಲ್ಲಿಗೆ ಬಿಟ್ಟಿದ್ದೀರಿ?

ಮಂಡ್ಯ_ಮಿನೆಸೋಟ:
ಹಿಮ ಇಲ್ಲ, ನೋಡಿದೆ. ಸಣ್ಣ ಪೈಪ್ ಹೊರಗಡೆಗೆ. ದೀಪಾವಳಿ ಹೊತ್ತಿಗೆ ಬೇಸ್‌ಮೆಂಟ್ ನೆಲ ಮಾಡಿಸ್ದಾಗ ಡ್ರೇನ್ ಮುಚ್ಚಿಹೋಯ್ತು, ನಾನೇ ಗೋಡೆ ಕೊರೆದು ಆಚೆಗೆ ಬಿಟ್ಟೆ. ಇಷ್ಟು ದಿನ ಚೆನ್ನಾಗೇ ಇತ್ತಲ್ಲ?

ಸಾಗರದಾಚೆ:
ಇಷ್ಟು ದಿನ ಮೈನಸ್ 22 ಇರ್ಲಿಲ್ಲ. ಆ ಪೈಪಲ್ಲಿ ನೀರು ಹೆಪ್ಪುಗಟ್ಟಿದೆ, ಹಿಂದಕ್ಕೆ ತುಂಬಿ ಟ್ರ್ಯಾಪ್, ಅಂದ್ರೆ ಆ ನೀರು ಬಂದು ಸೇರೋ ಬಟ್ಟಲು, ದಾಟಿ ಮೇಲಕ್ಕೆ ಬಂದಿದೆ. ಫ್ಯಾನಿಗೆ ಗಾಳಿ ಎಳೀಲಿಕ್ಕೆ ಆಗ್ತಿಲ್ಲ, ಅದಕ್ಕೇ ಪ್ರೆಶರ್ ಸ್ವಿಚ್ಚು ಓಪನ್ ಆಗೇ ಇದೆ. ಸ್ವಿಚ್ಚು ಚೆನ್ನಾಗೇ ಇದೆ. ಪವರ್ ಆಫ್ ಮಾಡಿ, ಟ್ರ್ಯಾಪಿನ ಹತ್ತಿರ ಪೈಪ್ ಬಿಚ್ಚಿ ಬಕೆಟ್ ಇಡಿ.

ಮಂಡ್ಯ_ಮಿನೆಸೋಟ:
ಬಿಚ್ಚಿದ ತಕ್ಷಣ ಎರಡು ಚೊಂಬು ನೀರು ದಬದಬ ಅಂತ ಬಂತು. ಹೊಸ ನೆಲದ ಮೇಲೇ. ಆದ್ರೆ ಬೆಂಕಿ ಹತ್ತಿದೆ! 61ಕ್ಕೆ ಬಂತು. ಅಪ್ಪ ಕುರ್ಚಿ ಹಾಕ್ಕೊಂಡು ಕಿಂಡಿಲಿ ಬೆಂಕಿ ನೋಡ್ತಾ ಕೂತಿದ್ದಾರೆ.

ಸಾಗರದಾಚೆ:
ರಾತ್ರಿ ಎದ್ದು ಬಕೆಟ್ ಖಾಲಿ ಮಾಡಿ, ಈ ಚಳಿಗೆ ದಿನಕ್ಕೆ ಹಲವು ಲೀಟರ್ ಬರ್ತದೆ. ನಾಳೆ ಈ ನೀರನ್ನ ಎತ್ತಿ ಹಾಕೋ ಕಂಡೆನ್ಸೇಟ್ ಪಂಪ್ ತಂದು ಲಾಂಡ್ರಿ ಸಿಂಕಿಗೆ ಬಿಡಿ. ಗೋಡೆಯ ತೂತು ಮುಚ್ಚಿ.

ಧಾರವಾಡ_ಪೇಡೆ:
ಏನರ ಇರ್ಲಿ, ಒಂದು ಸೆನ್ಸರ್ ಹೊಸಾದು ತಂದಿಟ್ಕೋರಿ.

ಎಡಿಸನ್_ದರ್ಶಿನಿ:
ಮಧ್ಯ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಹೋಟೆಲಿನ ಛಾವಣಿ ಮೇಲಿನ ಹೀಟಿಂಗ್ ಯೂನಿಟ್ಟು. ಬೆಂಕಿ ಹತ್ತುತ್ತೆ, ಕಣ್ಣಾರೆ ನೋಡಿದ್ದೀನಿ. ಐದು ಸೆಕೆಂಡಿಗೆ ಆರುತ್ತೆ. ಮೂರು ಸಲ ಹೀಗೇ ಮಾಡಿ ಲಾಕ್ ಆಗಿಬಿಡುತ್ತೆ. ಗಿರಾಕಿಗಳು ಜಾಕೆಟ್ ಹಾಕ್ಕೊಂಡೇ ದೋಸೆ ತಿಂತಿದ್ದಾರೆ.

ಧಾರವಾಡ_ಪೇಡೆ:
ಬರ್ರಿ, ಬರ್ರಿ. ಒಂದ ಸ್ಕ್ರೂ ಬಿಚ್ಚರಿ.