ಇಳಿಜಾರು–ರಾಟೆ ಲೆಕ್ಕ: ಯಾವ ದಿಕ್ಕಿಗೆ ಮಾಡಿದರೂ ವೇಗೋತ್ಕರ್ಷ ಮೈನಸ್ ಬರ್ತಿದೆ

ಪ್ರಶ್ನೆ | ಫಸ್ಟ್‌ಸೆಮ್_ಬಿಎಸ್ಸಿ

ಮೆಕ್ಯಾನಿಕ್ಸ್ ಪೇಪರಿನ ಲೆಕ್ಕ. 30° ಇಳಿಜಾರಿನ ಮೇಲೆ 4 ಕೆಜಿ ಬ್ಲಾಕ್ ಇದೆ. ಅದಕ್ಕೆ ಕಟ್ಟಿದ ದಾರ ಮೇಲ್ತುದಿಯ ರಾಟೆಯನ್ನು ಹಾದು ಹೋಗಿ, ಆ ಕಡೆ 3 ಕೆಜಿ ತೂಕ ನೇತಾಡುತ್ತಿದೆ. ಸ್ಥಿರ ಘರ್ಷಣಾ ಗುಣಾಂಕ 0.4, ಚಲನ ಘರ್ಷಣಾ ಗುಣಾಂಕ 0.3. ದಾರಕ್ಕೂ ರಾಟೆಗೂ ತೂಕವಿಲ್ಲ, ರಾಟೆ ಸಲೀಸಾಗಿ ತಿರುಗುತ್ತದೆ. ನಿಂತ ಸ್ಥಿತಿಯಿಂದ ಬಿಟ್ಟರೆ ವೇಗೋತ್ಕರ್ಷ ಎಷ್ಟು, ದಾರದ ಎಳೆತ ಎಷ್ಟು?

ಬ್ಲಾಕ್ ಮೇಲಕ್ಕೆ ಹೋಗುತ್ತದೆ ಎಂದುಕೊಂಡರೆ: (29.4 − 19.6 − 10.18) ÷ 7 = −0.055 ಮೀ/ಸೆ².
ಮೈನಸ್ ಬಂತಲ್ಲ ಎಂದು ಕೆಳಕ್ಕೆ ಜಾರುತ್ತದೆ ಎಂದುಕೊಂಡರೆ: (19.6 − 29.4 − 10.18) ÷ 7 = −2.85 ಮೀ/ಸೆ².

ಎರಡೂ ಮೈನಸ್. ಹಿಂದಿನ ಪುಟದ ಉತ್ತರದಲ್ಲಿ ವೇಗೋತ್ಕರ್ಷ 0, ಎಳೆತ 29.4 ನ್ಯೂಟನ್ ಎಂದಿದೆ. ಎಲ್ಲಿ ತಪ್ಪುತ್ತಿದೆ, ಸರ್?

ಉತ್ತರ | ಮೆಕ್ಯಾನಿಕ್ಸ್_ಮೇಷ್ಟ್ರು

ನಿಮ್ಮ ಕೂಡುವಿಕೆ, ಕಳೆಯುವಿಕೆ ಎಲ್ಲ ಸರಿಯಿದೆ. ಹೆಜ್ಜೆ ಹಾಕಿ ತೋರಿಸಿದ್ದೀರಿ, ಆದ್ದರಿಂದ ತಪ್ಪಿದ ಜಾಗವೂ ಕಾಣುತ್ತಿದೆ: ಬ್ಲಾಕ್ ಜಾರುತ್ತದೆಯೇ ಎಂದು ನೋಡುವ ಮೊದಲೇ 10.18 ನ್ಯೂಟನ್ ಚಲನ ಘರ್ಷಣೆ ಹಾಕಿಬಿಟ್ಟಿದ್ದೀರಿ. ಆ ಬೆಲೆ ಜಾರುತ್ತಿರುವ ಬ್ಲಾಕಿಗೆ ಮಾತ್ರ.

ಮೊದಲು ಘರ್ಷಣೆಯೇ ಇಲ್ಲ ಎಂದುಕೊಳ್ಳಿ. ತೂಕ ಮೇಲಕ್ಕೆ ಎಳೆಯುವುದು 3 × 9.8 = 29.4. ಬ್ಲಾಕಿನ ಭಾರ ಇಳಿಜಾರಿನ ಗುಂಟ ಕೆಳಕ್ಕೆ ಎಳೆಯುವುದು 4 × 9.8 × ಸೈನ್ 30° = 19.6. ಉಳಿದದ್ದು 9.8 ನ್ಯೂಟನ್, ಮೇಲ್ಮುಖವಾಗಿ. ಹಾಗಾಗಿ ಘರ್ಷಣೆ ಕೆಳಮುಖ.

ಈಗ ಸ್ಥಿರ ಘರ್ಷಣೆ ಹೆಚ್ಚೆಂದರೆ ಎಷ್ಟು ತಡೆಯಬಲ್ಲದು? ಅಭಿಲಂಬ ಬಲ 4 × 9.8 × ಕಾಸ್ 30° = 33.95. ಅದರ 0.4 ಭಾಗ 13.58 ನ್ಯೂಟನ್. ತಡೆಯಬೇಕಾದದ್ದು 9.8, ತಡೆಯುವ ಶಕ್ತಿ 13.58. ಬ್ಲಾಕ್ ಅಲುಗುವುದಿಲ್ಲ. ನೇತಾಡುವ ತೂಕವೂ ನಿಂತೇ ಇರುವುದರಿಂದ ಎಳೆತ ಅದರ ಭಾರದಷ್ಟೇ, 29.4.

ಇಲ್ಲಿ ಘರ್ಷಣೆ ಎಷ್ಟು ಎಂದು ಕೇಳಿದರೆ ಬಹಳ ಜನ 13.58 ಬರೆಯುತ್ತಾರೆ. ಅದು ಮಿತಿ ಅಷ್ಟೆ. ಉತ್ತರ 9.8 ನ್ಯೂಟನ್. ಸ್ಥಿರ ಘರ್ಷಣೆ ಬೇಕಾದಷ್ಟೇ ಬರುತ್ತದೆ, ಸೂತ್ರಕ್ಕೆ ಬೆಲೆ ಹಾಕಿ ತೆಗೆಯುವಂಥದ್ದಲ್ಲ.

ಉತ್ತರ | ಓರೆಹಲಗೆ

ಮೇಲಿನದಕ್ಕೆ ಒಂದು ಸೇರ್ಪಡೆ. ಆ −0.055 ಅರ್ಥವಿಲ್ಲದ ಸಂಖ್ಯೆ ಅಂದುಕೊಳ್ಳಬೇಡಿ, ಅದು ಬೇರೊಂದು ಲೆಕ್ಕದ ಸರಿ ಉತ್ತರ. ಬ್ಲಾಕಿಗೆ ಮೇಲ್ಮುಖವಾಗಿ ಸೆಕೆಂಡಿಗೆ 0.2 ಮೀಟರ್ ವೇಗ ಕೊಟ್ಟು ಬಿಟ್ಟಿದ್ದರೆ ಚಲನ ಘರ್ಷಣೆ 10.18 ನಿಜವಾಗಿಯೂ ಇರುತ್ತಿತ್ತು. ಬ್ಲಾಕ್ ನಿಧಾನವಾಗುತ್ತಾ ಸುಮಾರು 3.6 ಸೆಕೆಂಡಿನಲ್ಲಿ 36 ಸೆಂಮೀ ಹೋಗಿ ನಿಲ್ಲುತ್ತಿತ್ತು. ನಿಂತ ಮೇಲೆ ಹಿಂದಕ್ಕೆ ಜಾರುವುದೂ ಇಲ್ಲ, ಅಲ್ಲಿಂದ ಸ್ಥಿರ ಘರ್ಷಣೆಯ ಆಳ್ವಿಕೆ. ಹಾಗಾಗಿ ಪ್ರಶ್ನೆಯಲ್ಲಿ ‘ನಿಂತ ಸ್ಥಿತಿಯಿಂದ’ ಇದೆಯೋ ‘ಚಲಿಸುತ್ತಿದೆ’ ಎಂದಿದೆಯೋ ಅನ್ನುವುದಕ್ಕೆ ಮೊದಲು ಗೆರೆ ಎಳೆಯಿರಿ.

ಇನ್ನೊಂದು: ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ನೋಡಿಕೊಳ್ಳಿ. ರೇಡಿಯನ್‌ನಲ್ಲಿದ್ದರೆ ಸೈನ್ 30 ಅಂದರೆ −0.988 ಕೊಡುತ್ತದೆ, ಆಗ ಬರುವ ಮೈನಸ್ಸಿಗೆ ಭೌತಶಾಸ್ತ್ರದ ಸಂಬಂಧವೇ ಇಲ್ಲ.

ಮರುಪ್ರಶ್ನೆ | ಫಸ್ಟ್‌ಸೆಮ್_ಬಿಎಸ್ಸಿ

ಅರ್ಥವಾಯಿತು ಸರ್. ಹಾಗಾದರೆ 3 ಕೆಜಿಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದರೆ ಬ್ಲಾಕ್ ಯಾವಾಗ ಹೊರಡುತ್ತದೆ? ಆ ಕ್ಷಣಕ್ಕೆ ವೇಗೋತ್ಕರ್ಷ ಸೊನ್ನೆಯೇ ತಾನೆ?

ಉತ್ತರ | ಮೆಕ್ಯಾನಿಕ್ಸ್_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಹೊರಡಬೇಕಾದರೆ ತೂಕದ ಎಳೆತ 19.6 + 13.58 = 33.18 ನ್ಯೂಟನ್ ದಾಟಬೇಕು, ಅಂದರೆ ಸುಮಾರು 3.39 ಕೆಜಿ. ಆದರೆ ವೇಗೋತ್ಕರ್ಷ ಸೊನ್ನೆಯಿಂದ ಮೆಲ್ಲಗೆ ಏರುವುದಿಲ್ಲ. ಜಾರಲು ಶುರುವಾದ ತಕ್ಷಣ ಘರ್ಷಣೆ 13.58ರಿಂದ 10.18ಕ್ಕೆ ಇಳಿಯುತ್ತದೆ. ಉಳಿದ 3.4 ನ್ಯೂಟನ್ ಒಟ್ಟು 7.39 ಕೆಜಿಯನ್ನು ಎಳೆಯುತ್ತದೆ, ವೇಗೋತ್ಕರ್ಷ ಒಮ್ಮೆಲೇ 0.46 ಮೀ/ಸೆ². ದಾರದ ಎಳೆತವೂ ಅದೇ ಗಳಿಗೆಯಲ್ಲಿ 33.2ರಿಂದ 31.6ಕ್ಕೆ ಬೀಳುತ್ತದೆ. ಲ್ಯಾಬಿನಲ್ಲಿ ತಟ್ಟೆಗೆ ಚಿಕ್ಕ ತೂಕಗಳನ್ನು ಒಂದೊಂದಾಗಿ ಹಾಕುವಾಗ ಬ್ಲಾಕ್ ತಟ್ಟನೆ ಜಗ್ಗಿಕೊಂಡು ಹೊರಡುವುದು ಇದರಿಂದಲೇ.

ಕೆಳಗಿನ ಮಿತಿಯೂ ಇದೆ. ಇಲ್ಲಿ ಇಳಿಜಾರು ಸಾಕಷ್ಟು ಕಡಿದು: 0.4 ಗುಣಾಂಕಕ್ಕೆ 21.8° ದಾಟಿದರೆ ಬರೀ ಬ್ಲಾಕ್ ತಾನಾಗಿ ಜಾರುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಆ ಕಡೆ ಕನಿಷ್ಠ 0.61 ಕೆಜಿ ಬೇಕು. 0.61ರಿಂದ 3.39ರವರೆಗೆ ಯಾವ ತೂಕ ಕಟ್ಟಿದರೂ ಎಲ್ಲ ನಿಂತಿರುತ್ತದೆ. ತೂಕ 2 ಕೆಜಿ ಆದಾಗ ಘರ್ಷಣೆ ಪೂರ್ತಿ ಸೊನ್ನೆ, ಅಲ್ಲಿಂದ ಅತ್ತ ಒಂದು ದಿಕ್ಕು, ಇತ್ತ ಇನ್ನೊಂದು ದಿಕ್ಕು. ಈಗ 0.5 ಕೆಜಿಗೆ ನೀವೇ ಮಾಡಿ ಹಾಕಿ.

ಫಸ್ಟ್‌ಸೆಮ್_ಬಿಎಸ್ಸಿ

19.6 − 4.9 = 14.7, ಕೆಳಮುಖ. ಅದು 13.58ಕ್ಕಿಂತ ಹೆಚ್ಚು, ಆದ್ದರಿಂದ ಜಾರುತ್ತದೆ. ಘರ್ಷಣೆ ಈಗ ಮೇಲ್ಮುಖ, 10.18. ವೇಗೋತ್ಕರ್ಷ (14.7 − 10.18) ÷ 4.5 = 1.0 ಮೀ/ಸೆ². ಎಳೆತ 0.5 × (9.8 − 1.0) = 4.4 ನ್ಯೂಟನ್.

ಉತ್ತರ | ಓರೆಹಲಗೆ

ವೇಗೋತ್ಕರ್ಷದವರೆಗೆ ಸರಿ, ಕೊನೆಯ ಸಾಲು ನೋಡಿ. ಬ್ಲಾಕ್ ಕೆಳಗೆ ಬಂದರೆ ತೂಕ ಮೇಲೇರುತ್ತದೆ. ಮೇಲಕ್ಕೆ ವೇಗ ಹೆಚ್ಚಿಸಿಕೊಳ್ಳುವ ತೂಕವನ್ನು ದಾರ ಅದರ ಭಾರಕ್ಕಿಂತ ಹೆಚ್ಚಾಗಿಯೇ ಎಳೆಯಬೇಕು: 0.5 × (9.8 + 1.0) = 5.4 ನ್ಯೂಟನ್. ತಾಳೆ ನೋಡಲು ಇದನ್ನು ಬ್ಲಾಕಿನ ಸಮೀಕರಣಕ್ಕೆ ಹಾಕಿ: 19.6 − 10.18 − 5.4 = 4.0, ಇದು 4 ಕೆಜಿ × 1.0ಕ್ಕೆ ಸಮ. ನಿಮ್ಮ 4.4 ಹಾಕಿದ್ದರೆ 5.0 ಬಂದು ಅಲ್ಲೇ ಗೊತ್ತಾಗುತ್ತಿತ್ತು. ಎಳೆತವನ್ನು ಒಂದು ವಸ್ತುವಿನಿಂದ ತೆಗೆದರೆ ಇನ್ನೊಂದರಲ್ಲಿ ಹೀಗೆ ಪರೀಕ್ಷಿಸಿ, ಅರ್ಧ ನಿಮಿಷದ ಕೆಲಸ.