ಮುತ್ತಾತನ ಹೆಸರು ಕಂದಾಯ ದಾಖಲೆಯಲ್ಲಿ ಹುಡುಕೋದು ಹೇಗೆ?

ಪ್ರಶ್ನೆ: ಊರು ಗೌರಿಬಿದನೂರು ತಾಲ್ಲೂಕು. ಆನ್‌ಲೈನ್ ಪಹಣಿಯಲ್ಲಿ (ಜಮೀನು ಯಾರದು ಅಂತ ತೋರಿಸೋ ದಾಖಲೆ) ತಾತನಿಂದ ಹಿಂದಕ್ಕೆ ಏನೂ ಸಿಗ್ತಿಲ್ಲ. ಮುಂದೇನು?

ಉತ್ತರ 1: ಪಹಣಿಯನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ತಂತ್ರಾಂಶಕ್ಕೂ ಹಿಂದಿನ ಪಹಣಿಗಳು ಕೈಬರಹದವು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರ್ ಕೊಟ್ಟು ನಕಲಿಗೆ ಅರ್ಜಿ ಹಾಕಿ. ಬರೀ ಪಹಣಿ ಸಾಲದು, ಮ್ಯುಟೇಶನ್ ರಿಜಿಸ್ಟರ್ (ಎಂಆರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ಕೇಳಿ. ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗೋದು) ನಮೂದಿನಲ್ಲಿ ತೀರಿಕೊಂಡವರು ಯಾರು, ವಾರಸುದಾರರು ಯಾರು ಅನ್ನೋದು ಒಟ್ಟಿಗೇ ಸಿಗುತ್ತೆ. ಪಹಣಿಯಲ್ಲಿರುವ ಎಂಆರ್ ಸಂಖ್ಯೆ ಹಿಡಿದು ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ.

ಉತ್ತರ 2: ಸರ್ವೆ ನಂಬರ್ ಈಗ 42/3 ಅಂತಿದ್ದರೆ ಮೂಲ 42ನ್ನೂ ನೋಡಿ, ಪೋಡಿಯಾದಾಗ (ಜಮೀನು ಅಳೆದು ಭಾಗ ಮಾಡಿದಾಗ) ಹಿಸ್ಸಾ, ಅಂದರೆ ಭಾಗದ ನಂಬರ್, ಬದಲಾಗಿರುತ್ತೆ. ಹೆಚ್ಚಿನವರು ದಾರಿ ತಪ್ಪೋದು ಇಲ್ಲೇ. ಪೌತಿಯಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟೋ ಕಡೆ ಬಿಟ್ಟಿರ್ತಾರೆ, ಹೆಣ್ಣುಮಕ್ಕಳೇ ಇರಲಿಲ್ಲ ಅಂದ್ಕೋಬೇಡಿ.

ಉತ್ತರ 3: ಗೌರಿಬಿದನೂರು ಈಗಿರೋ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆ ಆದದ್ದು 2007ರಲ್ಲಿ. ಹಳೇ ಪತ್ರಗಳಲ್ಲಿ ಕೋಲಾರ ಜಿಲ್ಲೆ ಅಂತಲೇ ಹುಡುಕಿ.