ಕೆಲಸದ ಜೊತೆಗೆ ಸಿಸ್ಟಮ್ಸ್ ಎಂಜಿನಿಯರಿಂಗ್ ಎಂ.ಟೆಕ್: ಶಿಫ್ಟ್ ಕೆಲಸದವರಿಗೆ ಸಾಧ್ಯವೇ?

ಗುಬ್ಬಿ ಗೇಟ್:

ಮಾನ್ಯರೇ, ನಾನು ತುಮಕೂರಿನವನು. ಎಲೆಕ್ಟ್ರಿಕಲ್ ಬಿ.ಇ. ಮುಗಿಸಿ ಏಳು ವರ್ಷಗಳಿಂದ ವಸಂತನರಸಾಪುರದ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿದ್ದೇನೆ. ಕಳೆದ ವರ್ಷ ನಮ್ಮಲ್ಲಿ ನಡೆದ ಒಂದು ಸಂಗತಿ ಈ ಪ್ರಶ್ನೆಗೆ ಕಾರಣ. ಖರೀದಿ ವಿಭಾಗದವರು, ವಸ್ತು ಹತ್ತಿರ ಬಂದರೆ ಮುಟ್ಟದೆಯೇ ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್‌ಗಳನ್ನು ಹೊಸ ಪೂರೈಕೆದಾರರಿಂದ ತರಿಸಿದರು. ಅಳತೆ ಸರಿಯಿತ್ತು, 24 ವೋಲ್ಟ್ ಸರಿಯಿತ್ತು, ಮೆಕ್ಯಾನಿಕಲ್‌ನವರು ಒಪ್ಪಿ ಸಹಿ ಹಾಕಿದ್ದರು. ಆದರೆ ಹಳೆಯವು ಪಿಎನ್‌ಪಿ (ಸಿಗ್ನಲ್ ತಂತಿಗೆ ಪ್ಲಸ್ ವೋಲ್ಟೇಜ್ ಕೊಡುವ ಬಗೆ), ಹೊಸವು ಎನ್‌ಪಿಎನ್ (ಅದೇ ತಂತಿಯನ್ನು ಮೈನಸ್‌ಗೆ ಜೋಡಿಸುವ ಬಗೆ) ಎಂಬುದನ್ನು ಯಾರೂ ಗಮನಿಸಿರಲಿಲ್ಲ. ಯಂತ್ರಗಳನ್ನು ನಡೆಸುವ ಕಂಪ್ಯೂಟರಾದ ಪಿಎಲ್‌ಸಿಗೆ ಸಿಗ್ನಲ್ ತಲುಪದೆ ಲೈನ್ ಒಂದೂವರೆ ದಿನ ನಿಂತಿತು. ವಿಚಾರಣೆಯಲ್ಲಿ ಪ್ರತಿ ವಿಭಾಗವೂ ತನ್ನ ಕಾಗದ ತೋರಿಸಿ ತಾನು ಸರಿ ಎಂದು ಸಾಧಿಸಿತು. ನಿಜಕ್ಕೂ ಎಲ್ಲರೂ ಸರಿಯಾಗಿಯೇ ಇದ್ದರು. ವಿಭಾಗಗಳು ಒಂದನ್ನೊಂದು ಮುಟ್ಟುವ ಜಾಗ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಆ ಜಾಗವನ್ನು ನೋಡಿಕೊಳ್ಳುವುದೇ ಒಂದು ವಿದ್ಯೆ, ಅದಕ್ಕೆ ಸಿಸ್ಟಮ್ಸ್ ಎಂಜಿನಿಯರಿಂಗ್ ಎಂದು ಹೆಸರು ಎಂಬುದು ಆಮೇಲೆ ಓದಿ ತಿಳಿಯಿತು. (ಮನೆಯಲ್ಲಿ ಇದನ್ನು ವಿವರಿಸುವುದು ಕಷ್ಟ, ಸಾಫ್ಟ್‌ವೇರ್ ಕಂಪನಿಗೆ ಹೊಸದಾಗಿ ಸೇರಿದವರನ್ನೂ ‘ಸಿಸ್ಟಮ್ಸ್ ಎಂಜಿನಿಯರ್’ ಎಂದೇ ಕರೆಯುವುದರಿಂದ, ಏಳು ವರ್ಷದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡುತ್ತೀಯಾ ಎಂದು ಅಪ್ಪ ಕೇಳುತ್ತಾರೆ.) ಮನೆಯ ಸಾಲ ಇರುವುದರಿಂದ ಕೆಲಸ ಬಿಡುವಂತಿಲ್ಲ. ಮೂರು ಶಿಫ್ಟ್‌ಗಳು ವಾರಕ್ಕೊಮ್ಮೆ ಬದಲಾಗುತ್ತವೆ. ಹೀಗಿರುವಾಗ ಅರೆಕಾಲಿಕವಾಗಿ ಎಂ.ಟೆಕ್ ಮಾಡುವುದು ಸಾಧ್ಯವೇ, ಮಾಡಿದರೆ ಆ ಪದವಿಗೆ ಬೆಲೆ ಇದೆಯೇ ಎಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಅಂತರಗಂಗೆ:

ನಾನು ಕೋಲಾರದವನು. ನರಸಾಪುರದಲ್ಲಿ ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿಯುತ್ತಲೇ, ವಾರಾಂತ್ಯದ ತರಗತಿಗಳ ಎಂ.ಟೆಕ್ ಮುಗಿಸಿ ಎರಡು ವರ್ಷವಾಯಿತು. ನಿಮ್ಮ ಸೆನ್ಸರ್ ಕಥೆ ಓದಿ ನಗು ಬಂತು, ಕ್ಷಮಿಸಿ. ನಮ್ಮಲ್ಲಿ ಅದೇ ಕಥೆ ಕನೆಕ್ಟರ್‌ನ ರೂಪದಲ್ಲಿ ನಡೆದಿತ್ತು.

ಕೋರ್ಸಿನ ಹೆಸರನ್ನು ನಂಬಬೇಡಿ, ಪಠ್ಯಕ್ರಮವನ್ನು ತರಿಸಿಕೊಂಡು ಓದಿ. ಐಐಟಿ ಬಾಂಬೆಯ ಸಿಸ್ಟಮ್ಸ್ ಅಂಡ್ ಕಂಟ್ರೋಲ್ ಎಂಬುದು ಮುಖ್ಯವಾಗಿ ನಿಯಂತ್ರಣ ಸಿದ್ಧಾಂತ, ಅಂದರೆ ಬಹುಪಾಲು ಗಣಿತ. ಐಐಟಿ ಖರಗ್‌ಪುರದ ಇಂಡಸ್ಟ್ರಿಯಲ್ ಅಂಡ್ ಸಿಸ್ಟಮ್ಸ್ ವಿಭಾಗದಲ್ಲಿ ಆಪರೇಷನ್ಸ್ ರಿಸರ್ಚ್ (ಗಣಿತದಿಂದ ಉತ್ತಮ ನಿರ್ಧಾರ ಹುಡುಕುವ ವಿದ್ಯೆ), ಗುಣಮಟ್ಟ, ಉತ್ಪಾದನೆಯ ಯೋಜನೆ ಇವುಗಳಿಗೆ ಒತ್ತು. ಸಾಫ್ಟ್‌ವೇರ್ ಸಿಸ್ಟಮ್ಸ್ ಎಂದರೆ ಕಂಪ್ಯೂಟರ್ ವಿಜ್ಞಾನ. ಮೂರೂ ಒಳ್ಳೆಯ ಓದುಗಳೇ, ಆದರೆ ನಿಮ್ಮ ಸೆನ್ಸರ್ ತೊಂದರೆಗೆ ಮದ್ದು ಅಲ್ಲಿಲ್ಲ. ಬಳಸುವವರಿಗೆ ಏನು ಬೇಕು ಎಂಬುದನ್ನು ಅಳೆಯಬಹುದಾದ ವಾಕ್ಯಗಳಲ್ಲಿ ಬರೆಯುವುದು, ಅದನ್ನು ಉಪವ್ಯವಸ್ಥೆಗಳಿಗೆ ಹಂಚುವುದು, ಅವು ಒಂದನ್ನೊಂದು ಮುಟ್ಟುವ ಜಾಗಗಳನ್ನು, ಅಂದರೆ ಇಂಟರ್‌ಫೇಸ್‌ಗಳನ್ನು ದಾಖಲಿಸುವುದು, ಕೊನೆಗೆ ಪ್ರತಿ ವಾಕ್ಯಕ್ಕೂ ಒಂದು ಪರೀಕ್ಷೆ ಇದೆಯೇ ಎಂದು ನೋಡುವುದು, ಇದೇ ಆ ಮದ್ದು; ಒಂದು ಕಡೆ ವಿನ್ಯಾಸ ಇಳಿದು ಇನ್ನೊಂದು ಕಡೆ ಪರೀಕ್ಷೆ ಏರುವುದರಿಂದ ಇದನ್ನು ‘ವಿ’ ಮಾದರಿ ಎನ್ನುತ್ತಾರೆ. ಐಎಸ್‌ಒ 15288 ಮಾನದಂಡ ಈ ಕೆಲಸಗಳನ್ನೇ ಪ್ರಕ್ರಿಯೆಗಳಾಗಿ ವಿಂಗಡಿಸುತ್ತದೆ. ಆಟೋಮೋಟಿವ್ ಎಲೆಕ್ಟ್ರಾನಿಕ್ಸ್ ಅಥವಾ ಎಂಬೆಡೆಡ್ ಸಿಸ್ಟಮ್ಸ್ (ಯಂತ್ರದೊಳಗೇ ಕೂರುವ ಪುಟ್ಟ ಕಂಪ್ಯೂಟರುಗಳು) ಎಂಬ ಹೆಸರಿನ ಕೋರ್ಸಿನಲ್ಲಿ, ವಾಹನಗಳ ಸುರಕ್ಷತೆಯ ಐಎಸ್‌ಒ 26262 ಮಾನದಂಡದ ಜೊತೆ ಇವು ಬರುವುದೂ ಉಂಟು.

ಇನ್ನು ಸಮಯದ ಮಾತು. ತರಗತಿ ಬಿಟ್ಟು ವಾರಕ್ಕೆ 12 ಗಂಟೆಯ ಓದು ನನಗೆ ಬೇಕಾಯಿತು. ‘ಎ’ ಶಿಫ್ಟ್ ವಾರದಲ್ಲಿ ಅದು ಸುಲಭ. ಮಧ್ಯಾಹ್ನ ಎರಡಕ್ಕೆ ಬಿಟ್ಟರೆ ಸಂಜೆ ಪೂರ್ತಿ ನಮ್ಮದು. ‘ಬಿ’ ಶಿಫ್ಟ್‌ನಲ್ಲಿ ಬೆಳಗಿನ ಹೊತ್ತು ಸಿಗುತ್ತದೆ. ರಾತ್ರಿ ಪಾಳಿಯ ವಾರದಲ್ಲಿ ಮಾತ್ರ ನಾನು ಒಂದಕ್ಷರ ಓದಿದ್ದಿಲ್ಲ, ಓದಲು ಹೋಗಿ ಪಾಠವೂ ಹತ್ತದೆ ನಿದ್ದೆಯೂ ಇಲ್ಲದಂತಾಯಿತು. ಆದ್ದರಿಂದ ಮೂರು ವಾರದ ಓದನ್ನು ಎರಡು ವಾರದಲ್ಲಿ ಮುಗಿಸುವ ಲೆಕ್ಕ ಹಾಕಿಕೊಂಡೆ. ಇನ್ನೊಂದು ಪೆಟ್ಟು ನಿರೀಕ್ಷಿಸದ ಕಡೆಯಿಂದ ಬಂತು. ನಮ್ಮದು ಎರಡು ಎಕರೆ ರಾಗಿ ಹೊಲ. ಸೆಮಿಸ್ಟರ್ ಪರೀಕ್ಷೆಗಳು ಸರಿಯಾಗಿ ಕೊಯ್ಲಿನ ಹೊತ್ತಿಗೇ ಬಿದ್ದವು. ಮೊದಲ ವರ್ಷ ಎರಡೂ ಕೆಟ್ಟವು. ಮರುವರ್ಷ ಕೂಲಿಯಾಳು ಹಿಡಿದು ಅದನ್ನೂ ಕೋರ್ಸಿನ ಖರ್ಚಿಗೇ ಸೇರಿಸಿದೆ.

ಕಡೆಯ ಸೆಮಿಸ್ಟರ್‌ನ ಪ್ರಬಂಧಕ್ಕೆ ಕಾರ್ಖಾನೆಯದೇ ಸಮಸ್ಯೆ ಆರಿಸಿಕೊಂಡರೆ ಅರ್ಧ ಕೆಲಸ ಡ್ಯೂಟಿಯಲ್ಲೇ ಆಗುತ್ತದೆ. ಆದರೆ ಡ್ರಾಯಿಂಗ್, ಅಂಕಿ ಅಂಶಗಳನ್ನು ಹೊರಗೆ ತೋರಿಸಲು ಲಿಖಿತ ಒಪ್ಪಿಗೆ ಬೇಕು, ಮತ್ತು ನನ್ನ ಪತ್ರ ಮೂರು ತಿಂಗಳು ಯಾರದೋ ಮೇಜಿನ ಮೇಲೆ ಮಲಗಿತ್ತು. ಮೂರನೆಯ ಸೆಮಿಸ್ಟರ್‌ನಲ್ಲೇ ಅರ್ಜಿ ಕೊಡಿ.

ಬೆಟ್ಟದ ಬುಡ:

ಚಿಕ್ಕಬಳ್ಳಾಪುರ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವವನು ನಾನು. ಅಂತರಗಂಗೆಯವರು ಕೋರ್ಸಿನ ಒಳಗಿನ ಮಾತು ಹೇಳಿದ್ದಾರೆ. ಮಾನ್ಯತೆಯ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ.

ಅರೆಕಾಲಿಕ ಓದು ಬೇರೆ, ದೂರಶಿಕ್ಷಣ ಬೇರೆ. ಪೂರ್ವಾನುಮತಿಯಿಲ್ಲದೆ ದೂರಶಿಕ್ಷಣದ ಮೂಲಕ ಎಂಜಿನಿಯರಿಂಗ್ ಪದವಿ ಕೊಟ್ಟ ಡೀಮ್ಡ್ ವಿಶ್ವವಿದ್ಯಾಲಯಗಳ ವಿರುದ್ಧ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಾಗ, ಎಷ್ಟೋ ಮಂದಿ ನೌಕರರ ಪದವಿ, ಅದರಿಂದ ಸಿಕ್ಕ ಬಡ್ತಿ ಎರಡೂ ತೂಗುಯ್ಯಾಲೆಗೆ ಬಿದ್ದವು. ಹಾಗಾಗಿ ‘ಮನೆಯಲ್ಲೇ ಕೂತು ಎಂ.ಟೆಕ್’ ಎಂಬ ಜಾಹೀರಾತು ಕಂಡರೆ ಮೊದಲು ತಾಂತ್ರಿಕ ಶಿಕ್ಷಣಕ್ಕೆ ಅನುಮತಿ ಕೊಡುವ ಎಐಸಿಟಿಇ, ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಇವುಗಳ ಜಾಲತಾಣ ನೋಡಿ. ನೌಕರಿಯಲ್ಲಿರುವವರಿಗೆಂದೇ ಇರುವ ಕಾರ್ಯಕ್ರಮಗಳಲ್ಲಿ ಬಿಟ್ಸ್ ಪಿಲಾನಿಯ ವರ್ಕ್ ಇಂಟಿಗ್ರೇಟೆಡ್ ಲರ್ನಿಂಗ್ ಹಳೆಯದು; ನಾಲ್ಕು ಸೆಮಿಸ್ಟರ್, ಹೆಚ್ಚಾಗಿ ವಾರಾಂತ್ಯದಲ್ಲಿ ತರಗತಿ. ಐಐಟಿ ಮದ್ರಾಸ್, ಭಾರತೀಯ ವಿಜ್ಞಾನ ಸಂಸ್ಥೆಗಳೂ ಉದ್ಯೋಗಸ್ಥರಿಗೆ ಆನ್‌ಲೈನ್ ಎಂ.ಟೆಕ್ ನಡೆಸುತ್ತವೆ. ಇಂಥಲ್ಲಿ ಸೇರುವಾಗ ಕಂಪನಿಯ ಪತ್ರ ಕೇಳುವುದು ಸಾಮಾನ್ಯ.

ಬೆಲೆ ಇದೆಯೇ ಎಂದರೆ, ಯಾರ ಕಣ್ಣಿನಲ್ಲಿ ಎಂದು ನಾನು ತಿರುಗಿ ಕೇಳುತ್ತೇನೆ. ಈಗಿನ ಕಂಪನಿಯ ಬಡ್ತಿಗಾದರೆ ಎಚ್‌ಆರ್ ವಿಭಾಗದ ಮಾತೇ ಕೊನೆಯ ಮಾತು. ಮುಂದೆ ಸರ್ಕಾರಿ ಹುದ್ದೆಗೋ ಕಾಲೇಜಿನಲ್ಲಿ ಪಾಠ ಹೇಳಲಿಕ್ಕೋ ಬರುವ ಯೋಚನೆಯಿದ್ದರೆ, ಆ ನೇಮಕಾತಿಯ ಅಧಿಸೂಚನೆಗಳು ಎಂಥ ಪದವಿಯನ್ನು ಒಪ್ಪುತ್ತವೆ ಎಂದು ಈಗಲೇ ಓದಿ. ಎಂ.ಟೆಕ್ ಪ್ರವೇಶದ ‘ಗೇಟ್’ ಪರೀಕ್ಷೆ ಬರೆದು ಪೂರ್ಣಾವಧಿ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ, ಅರೆಕಾಲಿಕರಿಗೆ ಇಲ್ಲ. ಮನೆಯ ಸಾಲ ಇರುವವರಿಗೆ ಆ ಹಣ ಸಾಲುವುದೂ ಇಲ್ಲವೆನ್ನಿ.

ಶಿರಾ ರಸ್ತೆ:

ಸೇರಿ ನಡುವೆ ಬಿಟ್ಟವಳ ಮಾತೂ ಇಲ್ಲಿ ಇರಲಿ ಎಂದು ಬರೆಯುತ್ತಿದ್ದೇನೆ. ದಿನಾ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಓಡಾಡುತ್ತಾ, ಪಾಠದ ವಿಡಿಯೊಗಳನ್ನು ರೈಲಿನಲ್ಲೇ ನೋಡುತ್ತೇನೆಂಬ ಧೈರ್ಯದ ಮೇಲೆ ಸೇರಿದ್ದೆ. ಸೀಟು ಸಿಕ್ಕ ದಿನ ಪಾಠ, ಸಿಗದ ದಿನ ಇಲ್ಲ. ಎರಡನೆಯ ಸೆಮಿಸ್ಟರ್ ಮುಗಿಯುವಾಗ ಮಗುವಿಗೆ ಕಾಯಿಲೆಯಾಯಿತು, ಎರಡು ಪರೀಕ್ಷೆ ತಪ್ಪಿತು, ಕಟ್ಟಿದ ಶುಲ್ಕ ವಾಪಸ್ಸು ಬರಲಿಲ್ಲ. ಸೇರುವ ಮುನ್ನ ಒಂದು ಸೆಮಿಸ್ಟರ್ ತಡೆಹಿಡಿಯಲು ಅವಕಾಶವಿದೆಯೇ ಎಂದು ನಾನು ಕೇಳಿರಲಿಲ್ಲ. ಸರ್, ನೀವು ಕೇಳಿ.

ನಾನು ಈಗ ಮಾಡುತ್ತಿರುವುದು ಬೇರೆ. ನಾಸಾದ ಸಿಸ್ಟಮ್ಸ್ ಎಂಜಿನಿಯರಿಂಗ್ ಕೈಪಿಡಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನ 8, 12 ವಾರಗಳ ಕೋರ್ಸುಗಳಿವೆ. ಈ ವಿದ್ಯೆಯವರದೇ ಸಂಘಟನೆಯಾದ ಇನ್‌ಕೋಸಿ 1990ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಅದರ ಆರಂಭಿಕ ಹಂತದ ಎಎಸ್‌ಇಪಿ ಪ್ರಮಾಣಪತ್ರಕ್ಕೆ ಅನುಭವದ ಷರತ್ತಿಲ್ಲ, ಮುಂದಿನ ಹಂತದ ಸಿಎಸ್‌ಇಪಿಗೆ ಕನಿಷ್ಠ ಐದು ವರ್ಷದ ಅನುಭವ ಬೇಕು. ಇದು ಪದವಿಯಲ್ಲ ನಿಜ. ಆದರೆ ಆ ಕೆಲಸ ನಿಮಗೆ ಹಿಡಿಸುತ್ತದೆಯೋ ಇಲ್ಲವೋ ಎಂದು ಲಕ್ಷಗಟ್ಟಲೆ ಸುರಿಯುವ ಮೊದಲೇ ಗೊತ್ತಾಗುತ್ತದೆ.

ಗುಬ್ಬಿ ಗೇಟ್:

ಮೂವರಿಗೂ ವಂದನೆಗಳು. ಶಿರಾ ರಸ್ತೆ ಮೇಡಂ, ನೀವು ಹೇಳಿದ ಪ್ರಶ್ನೆಯನ್ನು ಇಂದು ಎರಡು ಸಂಸ್ಥೆಗಳಿಗೆ ಇ-ಮೇಲ್‌ನಲ್ಲಿ ಕೇಳಿದ್ದೇನೆ. ತರಗತಿಯಿರುವ ಶನಿವಾರ, ಭಾನುವಾರಗಳಂದು ರಾತ್ರಿ ಪಾಳಿ ಬೇಡವೆಂದು ನಮ್ಮ ಮ್ಯಾನೇಜರ್‌ಗೂ ಬರೆದು ಕೊಟ್ಟೆ, ನೋಡೋಣ ಎಂದಿದ್ದಾರೆ. ಆ ಉತ್ತರ ಕಾಗದದ ಮೇಲೆ ಬರುವವರೆಗೆ ಶುಲ್ಕ ಕಟ್ಟುವುದಿಲ್ಲ. ಅಷ್ಟರೊಳಗೆ ನಮ್ಮ ಲೈನಿನ ಸೆನ್ಸರ್‌ಗಳದ್ದೊಂದು ಇಂಟರ್‌ಫೇಸ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಶುರುಮಾಡಿದ್ದೇನೆ. ಮೊದಲ ದಿನವೇ ಪಿಎನ್‌ಪಿಯೋ ಎನ್‌ಪಿಎನ್ನೋ ಎಂದು ಎಲ್ಲೂ ಬರೆದಿರದ ಹನ್ನೊಂದು ಸೆನ್ಸರ್ ಸಿಕ್ಕಿವೆ.